ಯಾರೂ ಕಟ್ಟೇ ಇಲ್ಲದ ಎಚ್‌ಎಂಟಿ ಅಂದರೆ, ಬೆನ್ನು ತೋರಿಸಿ ಅನ್ನಿ

ಮೊನ್ನೆ ತಮ್ಮನ ಮಗ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಎಚ್‌ಎಂಟಿ ಕಂಪನಿಯ ಜನತಾ ವಾಚು. “ದೊಡ್ಡಪ್ಪ, ಹಳೇ ಅಂಗಡಿ ಸ್ಟಾಕಂತೆ. ಒಂದು ದಿನಾನೂ ಯಾರೂ ಕಟ್ಟಿಲ್ಲವಂತೆ. ತಗೊಳ್ಳಲಾ?” ಅಂದ. ಗಾಜು ಫಳಫಳ, ಡಯಲ್ ಮೊಸರಿನಷ್ಟು ಬಿಳಿ. “ಇದು ಮುಖ ಆಯ್ತು, ಬೆನ್ನು ಎಲ್ಲೋ?” ಅಂದೆ.

ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಗಿದ್ದು 1961ರಲ್ಲಿ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚಲು ಒಪ್ಪಿತು. ಕಂಪನಿ ಮುಚ್ಚುತ್ತೆ ಅಂದಮೇಲೆ ಎಲ್ಲರಿಗೂ ಬೇಕು, ಅಲ್ವಾ? ಹಳೇ ಪಾತ್ರೆಗೆ ಕಲಾಯಿ ಹಾಕಿದ ಹಾಗೆ, ಸವೆದ ವಾಚಿಗೆ ಹೊಸ ಬಣ್ಣ ಹಾಕಿ ಮಾರುವವರೂ ಹುಟ್ಟಿಕೊಂಡರು.

ಮದುವೆಯಲ್ಲಿ ಮಾವ ಕೊಟ್ಟ ಜನತಾವನ್ನು ನಾನು ಮೂವತ್ತು ವರ್ಷ ಕಟ್ಟಿದ್ದೇನೆ. ವಾಚು ಎಲ್ಲೆಲ್ಲಿ ಸವೆಯುತ್ತದೆ ಅಂತ ನೋಡಿದ್ದೇನೆ. ಗಾಜನ್ನಂತೂ ನಂಬಲೇಬೇಡಿ. ಅದು ಪ್ಲಾಸ್ಟಿಕ್ಕು. ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರೆ ಸಣ್ಣ ಗೀರು ಹೋಗುತ್ತವೆ, ಇಲ್ಲದಿದ್ದರೆ ಹೊಸದನ್ನೇ ಕೂರಿಸುತ್ತಾರೆ.

ಬೆಲ್ಟು ಸಿಕ್ಕಿಸುವ ನಾಲ್ಕು ಕಾಲುಗಳಿವೆಯಲ್ಲ, ಅವುಗಳ ಒಳಮೈ ನೋಡಿ. ಬೆಲ್ಟು ಬಿಚ್ಚಿ ಹಾಕಿದ್ದರೆ ಸ್ಪ್ರಿಂಗ್ ಕಡ್ಡಿಯ ತೂತಿನ ಸುತ್ತ ಗೀರು ಇರುತ್ತವೆ. ಬೆವರಿನ ಕೊಳೆ ಕಪ್ಪಗೆ ಕೂತಿರುವುದೂ ಅಲ್ಲೇ. ಕಾಲಿನ ತುದಿ, ಅಂಚು ಚೂಪಾಗಿರಬೇಕು. ಪಾಲಿಶ್ ಚಕ್ರಕ್ಕೆ ಹಿಡಿದ ವಾಚು ಬಾಯಲ್ಲಿ ಚೀಪಿದ ಪೆಪ್ಪರಮಿಂಟಿನ ಹಾಗೆ ದುಂಡಗಾಗಿರುತ್ತದೆ. ಹಿಂದಿನ ಮುಚ್ಚಳದ ಅಕ್ಷರಗಳೂ ಮಾಸಿರುತ್ತವೆ. ಜನತಾಗೆ ದಿನಾ ಕೀ ಕೊಡಬೇಕು, ಹಾಗಾಗಿ ಕೀ ಕೊಡುವ ಗುಂಡಿಯ ಹಲ್ಲು ಬೇಗ ಸವೆಯುತ್ತದೆ. ಗುಂಡಿ ಮಾತ್ರ ಹೊಸದಾಗಿ, ಉಳಿದದ್ದು ಮಂಕಾಗಿದ್ದರೆ ಬದಲಾಯಿಸಿದ್ದಾರೆ ಅಂತಲೇ ಲೆಕ್ಕ.

ಇನ್ನು ಮುಚ್ಚಳ ತೆಗೆಸಿ ಒಳಗಿನ ಫೋಟೋ ಕೇಳಿ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ಸಾಕ್ಷಿ ಇದೇ. ಹಳೇ ರಿಪೇರಿಯವರಿಗೆ ಒಂದು ಅಭ್ಯಾಸವಿತ್ತು. ವಾಚು ಬಿಚ್ಚಿ ಸರ್ವಿಸ್ ಮಾಡಿದರೆ ಮುಚ್ಚಳದ ಒಳಗಡೆ ಸೂಜಿಯಂಥ ಮೊನೆಯಿಂದ ತಾರೀಖೋ, ತಮ್ಮದೇ ಒಂದು ಗುರುತೋ ಗೀಚಿಬಿಡುತ್ತಿದ್ದರು. ನನ್ನ ವಾಚಿನೊಳಗೆ ಅಂಥವು ಐದಿವೆ. ಹೊರಗೆ ಎಷ್ಟೇ ಪಾಲಿಶ್ ಮಾಡಿದರೂ ಈ ಗೀಚನ್ನು ಅಳಿಸಲು ಜಾಸ್ತಿ ಜನ ತಲೆಕೆಡಿಸಿಕೊಳ್ಳುವುದಿಲ್ಲ. ಜೊತೆಗೆ ಸ್ಕ್ರೂಗಳ ತಲೆಯನ್ನೂ ದೊಡ್ಡದು ಮಾಡಿ ನೋಡಿ. ಗೀಟಿನ ಅಂಚು ಕಿತ್ತಿದ್ದರೆ ಯಾರೋ ಕೈ ಹಾಕಿದ್ದಾರೆ.

ಡಯಲ್ ಮೇಲಿನ ಅಕ್ಷರ ದಪ್ಪಗೆ ಹರಡಿದ್ದರೆ ಅದು ಮತ್ತೆ ಬಣ್ಣ ಹೊಡೆದದ್ದು. ಎಚ್‌ಎಂಟಿಯದೇ ಇನ್ನೊಂದು ಮಾಡೆಲ್ ಪೈಲಟ್ ಅಂದರೆ ನಮ್ಮ ಕಾಲದಲ್ಲಿ ಕಣ್ಣಿಗೆ ಬರುತ್ತಿದ್ದದ್ದು ಕಪ್ಪು ಡಯಲ್. ಈಗ ನೋಡಿದರೆ ಜಾತ್ರೆ ಬಲೂನಿನ ಬಣ್ಣಗಳೆಲ್ಲ ಇವೆ! ಕತ್ತಲಲ್ಲಿ ಹೊಳೆಯುವ ಬಣ್ಣ ಅಂಕಿಗಳ ಮೇಲೆ ಕಂದಾಗಿ, ಮುಳ್ಳಿನ ಮೇಲೆ ಮಾತ್ರ ಹೊಸದಾಗಿದ್ದರೆ ಮುಳ್ಳು ಬೇರೆ ವಾಚಿನದಿರಬಹುದು. ಡಬ್ಬಿ, ಗ್ಯಾರಂಟಿ ಕಾರ್ಡು ಇದೆ ಅಂತ ಹಿಗ್ಗಬೇಡಿ, ಅವು ಬಿಡಿಯಾಗಿಯೂ ಸಿಗುತ್ತವೆ. ಕಾರ್ಡಿನಲ್ಲಿ ವಾಚಿನ ನಂಬರ್ ಇದ್ದರೆ ಮುಚ್ಚಳದ ನಂಬರಿಗೆ ತಾಳೆ ನೋಡಿ.

ನಿಜವಾಗಿ ಕಟ್ಟದ ವಾಚೇ ಸಿಕ್ಕಿದರೂ ತಕ್ಷಣ ಕೀ ಕೊಟ್ಟು ಓಡಿಸಬೇಡಿ. ಡಬ್ಬಿಯಲ್ಲೇ ಇದ್ದರೂ ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಹಾಗೇ ಓಡಿಸಿದರೆ ಒಳಗಿನ ಭಾಗ ಸವೆಯುತ್ತವೆ. ಸರ್ವಿಸ್ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಿ.

ಹುಡುಗನ ಕೈಲಿ ಬೆನ್ನಿನದು, ಪಕ್ಕದ್ದು, ಒಳಗಿನದು, ಪಕ್ಕದಲ್ಲಿ ಇವತ್ತಿನ ಪೇಪರ್ ಇಟ್ಟು ತೆಗೆದದ್ದು, ಹೀಗೆ ನಾಲ್ಕು ಫೋಟೋ ಕೇಳಿಸಿದೆ. ಎರಡು ದಿನ ಬಿಟ್ಟು ಬಂದವು. ಮುಚ್ಚಳದ ಒಳಗೆ ಎರಡು ಗೀಚು ಇದ್ದವು. “ಹಾಗಾದರೆ ಕಟ್ಟಿದ ವಾಚಿನ ಬೆಲೆ ಹೇಳಿ” ಅಂತ ಬರೆಸಿದೆ. ಮಾರುವವರು ಮಾತಾಡದೆ ಬೆಲೆ ಇಳಿಸಿದರು. ಈಗ ದಿನಾ ಅದನ್ನೇ ಕಟ್ಟುತ್ತಾನೆ. ಕೀ ಕೊಡೋದು ಮಾತ್ರ ಮರೆತು, ಟೈಮೆಷ್ಟು ದೊಡ್ಡಪ್ಪ ಅಂತ ನನ್ನನ್ನೇ ಕೇಳುತ್ತಾನೆ.