‘ಸಾರಿ ಹೇಳು, ಕೈ ಕುಲುಕು’ ಎಂದರೆ ಮುಗಿಯುವುದಿಲ್ಲ

ಪ್ರಾಥಮಿಕ ಶಾಲೆಯಲ್ಲಿ ಒಂದೇ ಮಗುವನ್ನು ದಿನವೂ ಗೋಳು ಹೊಯ್ದುಕೊಳ್ಳುವವರು ಮೇಷ್ಟ್ರ ಕಣ್ಣೆದುರು ಹಾಗೆ ಮಾಡುವುದು ಕಡಿಮೆ. ಅವರ ಜಾಗವೇ ಬೇರೆ.

1. ಆ ಜಾಗ ಹುಡುಕಿ. ನಲ್ಲಿ, ಶೌಚಾಲಯದ ಹಿಂಭಾಗ, ಬಿಸಿಯೂಟದ ಸಾಲಿನ ಕೊನೆ, ಗೇಟಿನ ಹೊರಗೆ. ಇಂಟರ್‌ವಲ್ಲಿನಲ್ಲಿ ಒಬ್ಬ ಶಿಕ್ಷಕರು ಅಲ್ಲೇ ಓಡಾಡಲಿ. ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದರೆ ಸಾಲದು.

2. ನಿಯಮ ಮೂರೇ ಸಾಕು: ಹೊಡೆಯುವುದಿಲ್ಲ, ಅಡ್ಡಹೆಸರಿಡುವುದಿಲ್ಲ, ಆಟಕ್ಕೆ ಬಂದವರನ್ನು ದೂರ ಇಡುವುದಿಲ್ಲ. ಮಕ್ಕಳೇ ಡ್ರಾಯಿಂಗ್ ಶೀಟಿನಲ್ಲಿ ಬರೆದು ಅಂಟಿಸಲಿ. ಫ್ಲೆಕ್ಸ್ ಮಾಡಿಸುವ ದುಡ್ಡು ದಂಡ, ಎರಡನೇ ದಿನ ಅದನ್ನು ಯಾರೂ ಓದುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಮಾತಾಡಿದವರ ಹೆಸರನ್ನು ಲೀಡರ್ ಕೈಯಲ್ಲಿ ಬೋರ್ಡಿನ ಮೇಲೆ ಬರೆಸುವ ಅಭ್ಯಾಸ ಇಂದೇ ಬಿಡಿ. ‘ನಿನ್ನ ಹೆಸರು ಬರೀತೀನಿ’ ಎಂದು ಪೆನ್ಸಿಲ್, ತಿಂಡಿ ಕೀಳುವುದು ಶುರುವಾಗುವುದೇ ಅಲ್ಲಿ.

3. ದೂರು ಪೆಟ್ಟಿಗೆ ಹೆಡ್‌ಮಾಸ್ಟರ್ ಕೋಣೆಯ ಬಾಗಿಲಲ್ಲಿದ್ದರೆ ಖಾಲಿಯೇ ಇರುತ್ತದೆ, ಚೀಟಿ ಹಾಕಿದವರು ಯಾರೆಂದು ಎಲ್ಲರಿಗೂ ಕಾಣುತ್ತದಲ್ಲ! ಪ್ರತಿ ಶನಿವಾರ ಇಡೀ ತರಗತಿಯಿಂದ ಚೀಟಿ ಹಾಕಿಸಿ. ಹೇಳಲು ಏನೂ ಇಲ್ಲದವರು ‘ಏನಿಲ್ಲ’ ಎಂದು ಬರೆಯಲಿ. ಬರೆಯಲು ಬಾರದ ನಲಿ-ಕಲಿ (1ರಿಂದ 3ನೇ ತರಗತಿಯ) ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಬ್ಬೊಬ್ಬರನ್ನೇ ಕೇಳಿ.

4. ಕೆಲಸ ಕೆಡುವುದು ವಿಚಾರಣೆಯಲ್ಲಿ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ಏನಾಯ್ತು?’ ಎಂದು ಕೇಳಿದರೆ, ಹೆದರಿದ ಮಗು ‘ಏನಿಲ್ಲ ಸಾರ್’ ಅನ್ನುತ್ತದೆ. ಬಲವಂತವಾಗಿ ‘ಸಾರಿ’ ಹೇಳಿಸಿದರೆ ಸಂಜೆ ಶಾಲೆ ಬಿಟ್ಟ ಮೇಲೆ ಬಡ್ಡಿ ಸಮೇತ ಸೇಡು ತೀರುತ್ತದೆ.

ನೊಂದ ಮಗುವಿನ ಜೊತೆ ಮೊದಲು ಮಾತಾಡಿ, ಒಂಟಿಯಾಗಿ, ಪಕ್ಕದಲ್ಲಿ ಕೂತು. ‘ಯಾಕೆ’ ಎಂದು ಕೇಳಬೇಡಿ, ತಪ್ಪು ತನ್ನದೇ ಎಂದುಕೊಳ್ಳುತ್ತದೆ. ಎಲ್ಲಿ, ಯಾವಾಗ, ಯಾರಿದ್ದರು, ಹಿಂದೆ ಎಷ್ಟು ಸಲ ಎಂದು ಕೇಳಿ, ಮಗು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ನೋಡುತ್ತಾ ನಿಂತಿದ್ದವರನ್ನು ಬೇರೆಬೇರೆಯಾಗಿ ವಿಚಾರಿಸಿ. ಪೀಡಿಸಿದವರ ಸರದಿ ಕೊನೆಗೆ. ಗುಂಪಿದ್ದರೆ ಒಬ್ಬೊಬ್ಬರನ್ನೇ, ಒಬ್ಬರ ಹಿಂದೊಬ್ಬರನ್ನು ಕರೆಯಿರಿ. ನಡುವೆ ಅವರು ಮಾತು ಕೂಡಿಸಿಕೊಳ್ಳಲು ಬಿಡುವು ಕೊಡಬೇಡಿ. ದೂರು ಕೊಟ್ಟವರ ಹೆಸರು ಎತ್ತಬೇಡಿ. ‘ನಲ್ಲಿಯ ಹತ್ತಿರ ನಡೆದದ್ದು ಗೊತ್ತಾಗಿದೆ, ನೀನು ಹೇಳು’ ಎಂದರೆ ಸಾಕು. ಜಾತಿ, ಬಣ್ಣ, ಅಂಗವೈಕಲ್ಯ ಹಿಡಿದು ಹಂಗಿಸಿದ್ದರೆ ಅದನ್ನು ‘ಮಕ್ಕಳಾಟ’ ಎಂದು ತೇಲಿಸಬೇಡಿ. ಅದೇ ದಿನ ಮುಖ್ಯಶಿಕ್ಷಕರಿಗೆ ತಿಳಿಸಿ.

5. ಬೆತ್ತ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದಲ್ಲದೆ, ಬಲ ಇದ್ದವರು ಹೊಡೆಯಬಹುದು ಎಂಬ ಪಾಠವನ್ನು ನೀವೇ ಕಲಿಸಿದಂತಾಗುತ್ತದೆ. ಹರಿದ ಪುಸ್ತಕಕ್ಕೆ ಹರಿದವನೇ ಬೈಂಡು ಹಾಕಲಿ, ಒಂದು ವಾರ ಇಂಟರ್‌ವಲ್ಲಿನಲ್ಲಿ ಶಿಕ್ಷಕರ ಜೊತೆಗಿರಲಿ.

6. ಒಳ್ಳೆಯದನ್ನು ಹೆಸರಿಟ್ಟು ಹೇಳಿ. ‘ಜಾಣ’ ಎಂದರೆ ಏನೂ ತಿಳಿಯದು; ‘ಬಿದ್ದವಳ ತಟ್ಟೆ ಎತ್ತಿಕೊಟ್ಟೆ, ನೋಡಿದೆ’ ಎನ್ನಿ. ಸ್ಟಾರ್ ಚಾರ್ಟ್ ಬೇಡವೇ ಬೇಡ, ಸ್ಟಾರೆಲ್ಲ ಅದೇ ನಾಲ್ಕು ಮಕ್ಕಳಿಗೆ ಹೋಗುತ್ತದೆ.

7. ಎರಡು ದಿನ ಬಿಟ್ಟು, ಮತ್ತೆ ಎರಡು ವಾರ ಬಿಟ್ಟು ನೊಂದ ಮಗುವನ್ನು ಪುನಃ ಕೇಳಿ. ಹೊಟ್ಟೆನೋವೆಂದು ರಜೆ ಹಾಕುತ್ತಿದ್ದರೆ ಪೀಡನೆ ನಿಂತಿಲ್ಲದಿರಬಹುದು. ಶಾಲೆ ಕಿವಿಗೊಡದಿದ್ದರೆ ಪೋಷಕರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಅದಕ್ಕೆ ಶುಲ್ಕವಿಲ್ಲ, ಮಗುವೇ ಮಾಡಿದರೂ ಆದೀತು.