ಬಾಳೆ ಸಸಿಯ ರ‍್ಯಾಕು, ಅಕ್ಕಿ ಮಿಲ್ಲಿನ ಶೆಡ್ಡು: ಎಲ್‌ಇಡಿ ಎಲ್ಲಿ ಗಿಟ್ಟುತ್ತದೆ?

ಚನ್ನಗಿರಿ, ಹೊಳಲ್ಕೆರೆ ಕಡೆ ಎಳೆ ಅಡಿಕೆ ತೋಟಕ್ಕೆ ನೆರಳಾಗಲಿ ಎಂದು ಬಾಳೆ ಹಾಕುತ್ತಾರೆ. ಆ ಬಾಳೆಯ ಅಂಗಾಂಶ ಕೃಷಿ ಸಸಿ (ಗಿಡದ ಚೂರಿನಿಂದ ಬಾಟಲಿಯಲ್ಲಿ ಎಬ್ಬಿಸಿದ್ದು) ಬೆಳೆಯುವ ಲ್ಯಾಬಿನ ಕೋಣೆಗೂ ದಾವಣಗೆರೆ ಸುತ್ತಲಿನ ಅಕ್ಕಿ ಮಿಲ್ಲಿಗೂ ನಾನು ಎಲ್‌ಇಡಿ ಕೂರಿಸುವ ಕ್ರಮ ಇಲ್ಲಿದೆ. ಎಷ್ಟು ಬೆಳಕು ಬೇಕು, ಅದು ಈಗ ಯಾವ ಖರ್ಚಿನಲ್ಲಿ ಸಿಗುತ್ತಿದೆ ಎಂಬುದು ತಿಳಿಯದೆ ದೀಪದ ರೇಟು ಕೇಳಿ ಪ್ರಯೋಜನವಿಲ್ಲ.

ಮೊದಲು ಅಳತೆ. ಗಿಡ ಬಳಸುವುದು 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕನ್ನು. ಅದನ್ನು ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ (ಬೆಳಕಿನ ಕಣಗಳ ಲೆಕ್ಕ) ಎಂದು ಎಣಿಸುತ್ತಾರೆ. ಅದರ ಮೀಟರು ದುಬಾರಿ, ಸಾಧಾರಣ ಲಕ್ಸ್ ಮೀಟರೇ ಸಾಕು: ಬಿಳಿ ಎಲ್‌ಇಡಿ ಕೆಳಗೆ ಬಂದ ಲಕ್ಸನ್ನು 70ರಿಂದ, ಬಿಸಿಲಲ್ಲಾದರೆ 54ರಿಂದ ಭಾಗಿಸಿ. ಹೆಚ್ಚುಕಡಿಮೆ ಸರಿಯಾದ ಉತ್ತರ ಬರುತ್ತದೆ.

ಬಾಟಲಿಯಲ್ಲಿರುವ ಬಾಳೆ ಸಸಿಗೆ 40ರಿಂದ 60 ಮೈಕ್ರೋಮೋಲ್ ಸಾಕು, ದಿನಕ್ಕೆ 16 ತಾಸು. ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆಗೆ 20 ವ್ಯಾಟಿನ ಎರಡು ನಾಲ್ಕಡಿ ಎಲ್‌ಇಡಿ ಟ್ಯೂಬು, ಬಾಟಲಿ ಮುಚ್ಚಳದಿಂದ ಒಂದಡಿ ಮೇಲೆ. ಮೀಟರಿಟ್ಟರೆ ಸುಮಾರು 3200 ಲಕ್ಸ್ ತೋರಿಸುತ್ತದೆ, ಅಂದರೆ 45ರ ಆಸುಪಾಸು. ಹಳೆಯ 36 ವ್ಯಾಟ್ ಟ್ಯೂಬು ಚೋಕ್ ಸಮೇತ ಸುಮಾರು 45 ವ್ಯಾಟ್ ತಿನ್ನುತ್ತಿತ್ತು, ಹಲಗೆಗೆ ಎರಡು ಎಂದರೆ 90. ಈಗ 40. ಉಳಿತಾಯ 50 ವ್ಯಾಟ್, 16 ತಾಸಿಗೆ 0.8 ಯೂನಿಟ್. ನೂರು ಹಲಗೆಯ ಕೋಣೆಯಲ್ಲಿ ದಿನಕ್ಕೆ 80 ಯೂನಿಟ್. ಜೊತೆಗೆ ಐದು ಕಿಲೋವ್ಯಾಟ್ ಶಾಖ ಕೋಣೆಯೊಳಗೆ ಹುಟ್ಟುವುದೇ ನಿಂತಿತು. ಅದನ್ನು ಹೊರಗೆ ಹಾಕುತ್ತಿದ್ದ ಎಸಿಯ ಹೊರೆಯಲ್ಲಿ ಒಂದೂವರೆ ಟನ್ನಿನಷ್ಟು ಇಳಿಯುತ್ತದೆ, ಇನ್ನೂ 25-27 ಯೂನಿಟ್ ಉಳಿಯುತ್ತದೆ. ಕೋಣೆಯನ್ನು 25 ಡಿಗ್ರಿಯಲ್ಲಿ ಇಡಬೇಕಾದ ಕಡೆ, ಹೊರಗೆ 40ಕ್ಕೇರುವ ನಮ್ಮ ಏಪ್ರಿಲ್‌ನಲ್ಲಿ, ಇದು ದೊಡ್ಡ ಮೊತ್ತ.

ಶಾಖದ ಇನ್ನೊಂದು ಪರಿಣಾಮ ಬಾಟಲಿಯಲ್ಲೇ ಕಾಣುತ್ತದೆ. ಚೋಕಿನ ಮೇಲಿನ ಹಲಗೆಯ ಬಾಟಲಿಗೆ ಬುಡ ಬೆಚ್ಚಗೆ, ಮುಚ್ಚಳ ತಣ್ಣಗೆ. ಒಳಗೆ ಹನಿ ಕಟ್ಟಿ ಎಲೆ ಮೇಲೆ ಬೀಳುತ್ತದೆ, ಆ ಸಸಿ ನೀರುನೀರಾಗಿ ಬೆಳೆಯುತ್ತದೆ. ಎಲ್‌ಇಡಿ ಹಾಕಿಯೂ ಡ್ರೈವರನ್ನು (ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಡಬ್ಬಿಯನ್ನು) ಹಲಗೆಯ ಅಡಿಯಲ್ಲೇ ಬಿಟ್ಟರೆ ಅದೇ ತೊಂದರೆ ಸ್ವಲ್ಪ ಕಡಿಮೆಯಾಗಿ ಮುಂದುವರಿಯುತ್ತದೆ. ಆದ್ದರಿಂದ ಡ್ರೈವರುಗಳನ್ನೆಲ್ಲ ರ‍್ಯಾಕಿನ ಪಕ್ಕಕ್ಕೆ, ಸಾಧ್ಯವಾದರೆ ಕೋಣೆಯ ಹೊರಗೇ ತರಬೇಕು.

ಬರೀ ಕೆಂಪು, ನೀಲಿ ಸೇರಿಸಿದ ನೇರಳೆ ದೀಪ ಮಾರಲು ಬರುವವರಿದ್ದಾರೆ. ಲ್ಯಾಬಿಗೆ ಅದು ಬೇಡ. ಆ ಬೆಳಕಿನಲ್ಲಿ ಬೂಷ್ಟು ಹಿಡಿದ ಬಾಟಲಿ, ಹಳದಿಗೆ ತಿರುಗಿದ ಎಲೆ ಎರಡೂ ಕಣ್ಣಿಗೆ ಬೀಳುವುದಿಲ್ಲ. 2014ರ ಭೌತಶಾಸ್ತ್ರದ ನೊಬೆಲ್ ತಂದುಕೊಟ್ಟ ನೀಲಿ ಎಲ್‌ಇಡಿಗೇ ಫಾಸ್ಫರ್ (ನೀಲಿಯ ಒಂದು ಪಾಲನ್ನು ಬೇರೆ ಬಣ್ಣಕ್ಕೆ ತಿರುಗಿಸುವ ಪುಡಿ) ಲೇಪ ಕೊಟ್ಟು ಬಿಳಿ ಮಾಡುತ್ತಾರೆ. ಸಸಿಗೆ ಬೇಕಾದ ನೀಲಿ, ಕೆಂಪು ಎರಡೂ ಅದರಲ್ಲಿವೆ.

ದೀಪ ಸಂಜೆ 6ಕ್ಕೆ ಹೊತ್ತಿ ಬೆಳಿಗ್ಗೆ 10ಕ್ಕೆ ಆರುವಂತೆ ಟೈಮರ್ ಇಡಿ, ಮಧ್ಯಾಹ್ನದ ಸೆಕೆಯಲ್ಲಿ ಎಸಿಗೆ ಉಸಿರಾಡಲು ಜಾಗ ಸಿಗುತ್ತದೆ. ಟೈಮರಿನಿಂದ ದೀಪಕ್ಕೆ ನೇರ ತಂತಿ ಎಳೆಯಬೇಡಿ. 25 ಟ್ಯೂಬಿನ ಸಾಲು ಉರಿಯುವಾಗ ಎರಡು ಆಂಪಿಯರ್ ಚಿಲ್ಲರೆ ಎಳೆದರೂ, ಹೊತ್ತಿಕೊಳ್ಳುವ ಕ್ಷಣದಲ್ಲಿ ಅದರ ಹತ್ತಾರು ಪಟ್ಟು ಎಳೆಯುತ್ತದೆ. ಟೈಮರಿನ ಪಾಯಿಂಟು ಬೆಸೆದುಕೊಂಡು ದೀಪ ಆರದೆ ಉಳಿಯುತ್ತದೆ. ನಡುವೆ ಕಾಂಟ್ಯಾಕ್ಟರ್ (ದೊಡ್ಡ ಕರೆಂಟು ತಾಳುವ ಸ್ವಿಚ್ಚು) ಹಾಕಿ, ಹೊತ್ತುವ ಕ್ಷಣದ ಎಳೆತಕ್ಕೆ ಬೇಗ ಬೀಳದ ಸಿ ಕರ್ವ್ ಎಂಸಿಬಿ ಬಳಸಿ, ಸಾಲುಗಳು ಕೆಲವು ಸೆಕೆಂಡು ಬಿಟ್ಟು ಒಂದೊಂದಾಗಿ ಹೊತ್ತುವಂತೆ ಮಾಡಿ.

ಇದೇ ಉತ್ಸಾಹದಲ್ಲಿ ಕೋಣೆಯೊಳಗೆ ತರಕಾರಿ ಬೆಳೆಯಲು ಹೊರಡುವವರಿಗೆ ನಾನು ಲೆಕ್ಕ ಮುಂದಿಡುತ್ತೇನೆ. ಲೆಟ್ಯೂಸ್‌ಗೆ 200 ಮೈಕ್ರೋಮೋಲ್, 16 ತಾಸು ಬೇಕು. ಒಂದು ಜೂಲ್‌ಗೆ 2.5 ಮೈಕ್ರೋಮೋಲ್ ಕೊಡುವ ಒಳ್ಳೆಯ ದೀಪಕ್ಕೂ ಚದರ ಮೀಟರಿಗೆ 80 ವ್ಯಾಟ್, ದಿನಕ್ಕೆ 1.28 ಯೂನಿಟ್. ಅಗ್ಗದ ಟ್ಯೂಬಿನಲ್ಲಿ ಇದೇ ಬೆಳಕಿಗೆ 140 ವ್ಯಾಟ್ ಬೇಕಾದೀತು. ಯೂನಿಟ್ಟಿಗೆ 8 ರೂಪಾಯಿ ಹಿಡಿದು, ತಲಾ 150 ಗ್ರಾಮಿನ 25 ಗಿಡ 30 ದಿನದಲ್ಲಿ ಬಂದರೂ, ಒಳ್ಳೆಯ ದೀಪದಲ್ಲೇ ಕಿಲೋಗೆ ಸುಮಾರು 82 ರೂಪಾಯಿ ಬರೀ ಬೆಳಕಿನ ಖರ್ಚು. ಎಸಿ, ಬೀಜ, ಗೊಬ್ಬರ, ಕೂಲಿ ಬೇರೆ. ಟೊಮೆಟೊಗೆ ಇದರ ಎರಡು ಪಟ್ಟು ಬೆಳಕು ಬೇಕು, ಅದನ್ನು ನಮ್ಮ ಬಿಸಿಲು ಬಿಟ್ಟಿಯಾಗಿ ಕೊಡುತ್ತಿದೆ. ನೆರಳು ಪರದೆ ಕಟ್ಟಿ ಹೊರಗೇ ಬೆಳೆಯಿರಿ.

ಮಿಲ್ಲಿನ ಕಥೆ ಬೇರೆ. 250 ವ್ಯಾಟಿನ ಹಳೆಯ ಮೆಟಲ್ ಹಾಲೈಡ್ ದೀಪ ಚೋಕ್ ಸೇರಿ ಸುಮಾರು 280 ತಿನ್ನುತ್ತದೆ. ಆ ಜಾಗಕ್ಕೆ 100 ವ್ಯಾಟಿನ ಎಲ್‌ಇಡಿ ಹೈಬೇ (ಎತ್ತರದ ಶೆಡ್ಡಿಗೆ ಇಳಿಬಿಡುವ ದೀಪ) ಸಾಕು. 12 ತಾಸು ಉರಿದರೆ ದೀಪವೊಂದಕ್ಕೆ ಎರಡು ಯೂನಿಟ್‌ಗೂ ಹೆಚ್ಚು ಉಳಿಯುತ್ತದೆ. ಬಾಳಿಕೆ ಬಂದರೆ ಮಾತ್ರ ಆ ಉಳಿತಾಯ ಕೈಗೆ ಹತ್ತುತ್ತದೆ.

ಮಿಲ್ಲಲ್ಲಿ ಸಾಯುವುದು ಡ್ರೈವರು, ಎಲ್‌ಇಡಿ ಬಹುತೇಕ ಚೆನ್ನಾಗಿಯೇ ಇರುತ್ತದೆ. ಸತ್ತ ಡ್ರೈವರ್ ಬಿಚ್ಚಿ ನೋಡಿ: ಉರುಟು ಕೆಪಾಸಿಟರಿನ ತಲೆ ಉಬ್ಬಿರುತ್ತದೆ, ಬುಡದಲ್ಲಿ ಕಂದು ಅಂಟು ಒಸರಿರುತ್ತದೆ. ಹತ್ತು ಡಿಗ್ರಿ ಶಾಖ ಏರಿದರೆ ಆ ಕೆಪಾಸಿಟರಿನ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ತಗಡಿನ ಶೀಟಿಗೆ ಒತ್ತಿ ಕಟ್ಟಿದ ದೀಪ, ಹೀಟ್‌ಸಿಂಕ್ ರೆಕ್ಕೆಗಳ ನಡುವೆ ತೌಡಿನ ಪುಡಿ ಕಂಬಳಿ ಹೊದ್ದಂತೆ ಕೂತ ದೀಪ, ಇವೇ ಮೊದಲು ಹೋಗುವುದು. ಶೀಟಿನಿಂದ ಎರಡಡಿಯಾದರೂ ಕೆಳಗೆ ಇಳಿಬಿಡಿ, ಧೂಳು, ನೀರಿನ ಎರಚಲು ಒಳಗೆ ಹೋಗದ ಐಪಿ65 ದೀಪವನ್ನೇ ತನ್ನಿ, ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಒಣ ಬ್ರಷ್‌ನಿಂದ ಪುಡಿ ತೆಗೆಸಿ. ಡ್ರೈವರ್ ಮೇಲೆ ಟಿಸಿ ಎಂದು ಗುರುತಿಸಿದ ಚುಕ್ಕೆ ಇರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿ ಅಳೆದ ಬಿಸಿ, ಲೇಬಲ್ಲಿನ ಮಿತಿಗಿಂತ ಹತ್ತು ಡಿಗ್ರಿ ಕೆಳಗಿರಲಿ.

ಎರಡನೇ ಶತ್ರು ನ್ಯೂಟ್ರಲ್. ಮೂರು ಫೇಸ್ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲಾದರೆ ಕಡಿಮೆ ಲೋಡಿನ ಫೇಸಿಗೆ 230ರ ಬದಲು 300 ದಾಟಿ ವೋಲ್ಟೇಜ್ ಹೋಗುತ್ತದೆ, ಒಂದೇ ಸಂಜೆಗೆ ಒಂದು ಸಾಲು ಪೂರ್ತಿ ಆರುತ್ತದೆ. ತಂತಿಯ ತುದಿಗೆ ಲಗ್ ಒತ್ತಿಸಿ ಬಿಗಿ ಮಾಡಿ, ನ್ಯೂಟ್ರಲಿಗೆ ಫ್ಯೂಸ್ ಹಾಕಲೇಬೇಡಿ. ಅದರ ಗಾತ್ರ ಕನಿಷ್ಠ ಫೇಸಿನಷ್ಟಾದರೂ ಇರಲಿ, ಅಗ್ಗದ ಡ್ರೈವರುಗಳ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ವೇಗದಲ್ಲಿ ಮಿಡಿಯುವ) ಕರೆಂಟು ಮೂರೂ ಫೇಸಿನಿಂದ ಬಂದು ಅಲ್ಲೇ ಕೂಡಿಕೊಳ್ಳುತ್ತದೆ. ಬೋರ್ಡಿಗೆ ಸರ್ಜ್ ಅರೆಸ್ಟರ್ (ಹಠಾತ್ ಏರುವ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ) ಹಾಕುವಾಗ ಅರ್ತಿಂಗ್ ಅಳೆಯಿಸಿ. ಅರ್ತಿಂಗ್ ಕೆಟ್ಟಿದ್ದರೆ ಅರೆಸ್ಟರ್ ಕೆಲಸಕ್ಕೆ ಬಾರದು.

ಬೆಲ್ಟು, ಪುಲ್ಲಿ ತಿರುಗುವ ಕಡೆ ಇನ್ನೊಂದು ಎಚ್ಚರ ಬೇಕು. ಕಳಪೆ ಡ್ರೈವರಿನ ಬೆಳಕು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ತಿರುಗುವ ಪುಲ್ಲಿ ನಿಂತಂತೆ ಕಾಣಬಹುದು, ಯಾರಾದರೂ ಕೈ ಹಾಕಬಹುದು. ದೀಪ ಕೊಳ್ಳುವ ಮೊದಲು ಅಂಗಡಿಯಲ್ಲೇ ಹೊತ್ತಿಸಿ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆ ಮೇಲೆ ಕಪ್ಪು ಪಟ್ಟಿಗಳು ದಟ್ಟವಾಗಿ ಹರಿದರೆ ಆ ದೀಪ ಬಿಟ್ಟು ಬನ್ನಿ. ಒಳ್ಳೆಯ ದೀಪವನ್ನೂ ಯಂತ್ರದ ಮೇಲೆ ಕೂರಿಸುವಾಗ ಅಕ್ಕಪಕ್ಕದ ಮೂರಕ್ಕೆ ಮೂರು ಬೇರೆ ಫೇಸ್ ಕೊಡುತ್ತೇನೆ, ಆಗ ಮೂರೂ ಒಟ್ಟಿಗೆ ಮಂಕಾಗುವುದಿಲ್ಲ.