ರಿವ್ಯೂ ಬರೆದವರು ನೀವು, ಹೆಸರು ಯಾರದು?

ಅಮೆರಿಕದ ಲ್ಯಾಬ್ ಸೇರಿ ಇನ್ನೂ ಸೂಟ್‌ಕೇಸ್ ಪೂರ್ತಿ ಬಿಚ್ಚಿರುವುದಿಲ್ಲ, ಪಿ.ಐ. (ಲ್ಯಾಬಿನ ಮುಖ್ಯಸ್ಥರು) ಕಡೆಯಿಂದ ಒಂದು ಈಮೇಲ್ ಬರುತ್ತದೆ. ಪ್ರಕಟಣೆಗೆಂದು ಯಾವುದೋ ಜರ್ನಲ್ಲಿಗೆ ಬಂದ ಪೇಪರಿನ ಪಿಡಿಎಫ್, ಕೆಳಗೆ ಒಂದೇ ಸಾಲು: ಶುಕ್ರವಾರದೊಳಗೆ ನಿನ್ನ ಅಭಿಪ್ರಾಯ ಬರೆದು ಕಳಿಸು. ಪೇಪರನ್ನು ಪ್ರಕಟಿಸಬಹುದೇ ಎಂದು ವಿಷಯ ತಿಳಿದವರು ತೂಗಿ ಹೇಳುವ ಈ ಅಭಿಪ್ರಾಯವೇ ರಿವ್ಯೂ. ಊರಲ್ಲಿ ಗೈಡ್ ಏನು ಹೇಳಿದರೂ ‘ಆಯ್ತು ಸರ್’ ಅಂದು ರೂಢಿಯಾದ ನಾವು ಇಲ್ಲೂ ಅದನ್ನೇ ಅನ್ನುತ್ತೇವೆ. ನಾನೂ ಅಂದೆ. ಎರಡು ರಾತ್ರಿ ಕೂತು ಮೂರು ಪುಟ ಬರೆದೆ, ಪಿ.ಐ. ನಾಲ್ಕು ಪದ ತಿದ್ದಿ ತಮ್ಮ ಹೆಸರಿನಲ್ಲಿ ಕಳಿಸಿದರು. ಅಂಥವು ಹನ್ನೆರಡೋ ಹದಿಮೂರೋ ಆದವು. ವರ್ಷಗಳಾದ ಮೇಲೆ ಗ್ರೀನ್ ಕಾರ್ಡ್ ವಕೀಲರು ‘ರಿವ್ಯೂ ಮಾಡಿದ್ದಕ್ಕೆ ದಾಖಲೆ ಕೊಡಿ’ ಎಂದಾಗ ನನ್ನ ಕೈಗೆ ಸಿಕ್ಕಿದ್ದು ಎರಡೇ.

ಇಲ್ಲಿ ಇದಕ್ಕೆ ಘೋಸ್ಟ್‌ರೈಟಿಂಗ್ ಎಂದೇ ಹೆಸರು. 2019ರಲ್ಲಿ ಈಲೈಫ್ ಜರ್ನಲ್‌ನಲ್ಲಿ ಸುಮಾರು ಐನೂರು ಕಿರಿಯ ಸಂಶೋಧಕರನ್ನು ಮಾತಾಡಿಸಿದ ಒಂದು ಸಮೀಕ್ಷೆ ಬಂತು. ಮುಕ್ಕಾಲು ಪಾಲು ಜನ ಪಿ.ಐ. ಜೊತೆ ಸೇರಿ ರಿವ್ಯೂ ಮಾಡಿದ್ದರು, ಸರಿಸುಮಾರು ಅರ್ಧದಷ್ಟು ಜನ ಹೆಸರಿಲ್ಲದೆ ಬರೆದುಕೊಟ್ಟಿದ್ದರು. ಹೀಗೆ ಬರೆಸಿಕೊಳ್ಳುವುದು ತಪ್ಪು ಎಂದವರು ಐವರಲ್ಲಿ ನಾಲ್ವರು. ತಪ್ಪೆಂದು ಗೊತ್ತಿದ್ದೂ ಬಾಯಿ ಬಿಡದವರು ನಾವಷ್ಟೇ ಅಲ್ಲ ಎಂದು ಓದಿ ಸ್ವಲ್ಪ ಸಮಾಧಾನವಾಯಿತು.

ನಿಯಮ ಏನೆಂದು ತಿಳಿದಿದ್ದರೆ ಬಾಯಿ ಬಿಡುವುದು ಸುಲಭ. ಎಡಿಟರ್ ಆಹ್ವಾನ ಕೊಟ್ಟಿರುವುದು ಪಿ.ಐ.ಗೆ. ಇನ್ನೂ ಪ್ರಕಟವಾಗದ ಆ ಪೇಪರ್ ಗುಟ್ಟಿನದು. ಎಡಿಟರನ್ನು ಕೇಳದೆ ಬೇರೆಯವರಿಗೆ ತೋರಿಸುವಂತಿಲ್ಲ. ಪ್ರಕಟಣೆಯ ನೀತಿ ನೋಡಿಕೊಳ್ಳುವ ಕೋಪ್ ಸಂಸ್ಥೆಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಮೊದಲು ಅನುಮತಿ, ಆಮೇಲೆ ನೆರವಾದವರ ಹೆಸರು. ಅಂದರೆ ನಿಮ್ಮ ಹೆಸರು ಹಾಕಿಸಿದರೆ ಪಿ.ಐ.ಗೂ ಕ್ಷೇಮ. ಮಾತನ್ನು ಆ ದಿಕ್ಕಿನಿಂದಲೇ ಎತ್ತಿ. ‘ಖಂಡಿತ ಮಾಡುತ್ತೇನೆ. ನಾನೂ ನೋಡುತ್ತಿದ್ದೇನೆಂದು ಎಡಿಟರ್‌ಗೆ ಒಂದು ಸಾಲು ಬರೆಯುತ್ತೀರಾ? ಲೇಖಕರ ಜೊತೆ ನನಗೆ ಯಾವ ಸಂಬಂಧವೂ ಇಲ್ಲ’ ಎಂದರೆ ಸಾಕು. ಕೇಳುವುದು ಓದಲು ಶುರು ಮಾಡುವ ಮೊದಲೇ ಆಗಬೇಕು. ಬರೆದುಕೊಟ್ಟ ಮೇಲೆ ಕೇಳಿದರೆ ದೂರು ಹೇಳಿದಂತೆ ಕೇಳಿಸುತ್ತದೆ. ಇಲ್ಲಿಯವರು ನೇರವಾಗಿ ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವುದು ಕಡಿಮೆ. ‘ಅಯ್ಯೋ, ನನಗೆ ಹೊಳೆಯಲೇ ಇಲ್ಲ’ ಅಂದವರೇ ಹೆಚ್ಚು. ಈಗ ಹಲವು ಜರ್ನಲ್‌ಗಳ ಫಾರಂನಲ್ಲೇ ಯಾರಾದರೂ ನೆರವಾದರೇ ಎಂಬ ಪ್ರಶ್ನೆಯಿರುತ್ತದೆ.

ಎರಡು ಮೂರು ಆದಮೇಲೆ ಇನ್ನೊಂದು ಮಾತು ಕೇಳಿಕೊಳ್ಳಿ: ಪಿ.ಐ.ಗೆ ಬಿಡುವಿಲ್ಲದೆ ಆಹ್ವಾನ ಒಲ್ಲೆ ಎನ್ನುವಾಗ ನಿಮ್ಮ ಹೆಸರು ಸೂಚಿಸಲಿ. ಎಡಿಟರ್‌ಗಳಿಗೆ ರಿವ್ಯೂವರ್ ಸಿಗುವುದೇ ಕಷ್ಟ, ಹಾಗಾಗಿ ಸ್ವಂತ ಆಹ್ವಾನ ಹೆಚ್ಚಾಗಿ ಬರುವುದು ಈ ದಾರಿಯಿಂದಲೇ. ಅಷ್ಟು ಕಾಯಲಾರೆ ಎನ್ನುವವರಿಗೆ 2017ರಲ್ಲಿ ಶುರುವಾದ ಪ್ರಿರಿವ್ಯೂ ಎಂಬ ಜಾಲತಾಣವಿದೆ. ಅಲ್ಲಿ ಪ್ರಿಪ್ರಿಂಟ್‌ಗಳಿಗೆ (ಜರ್ನಲ್‌ನಲ್ಲಿ ಬರುವ ಮೊದಲೇ ಲೇಖಕರು ಆನ್‌ಲೈನ್‌ನಲ್ಲಿ ಹಾಕಿದ ಪೇಪರ್‌ಗಳಿಗೆ) ಯಾರ ಕರೆಯೂ ಇಲ್ಲದೆ ರಿವ್ಯೂ ಬರೆಯಬಹುದು, ಆರ್ಕಿಡ್ ಐಡಿ ಇದ್ದರಾಯಿತು. (ಹೂವಿನ ಆರ್ಕಿಡ್ ಅಲ್ಲ, ಸಂಶೋಧಕರ ಹದಿನಾರು ಅಂಕಿಯ ಗುರುತಿನ ಸಂಖ್ಯೆ. ಇನ್ನೂ ಮಾಡಿಸಿಲ್ಲವಾದರೆ ಇವತ್ತೇ ಮಾಡಿಸಿ, ದುಡ್ಡಿಲ್ಲ.)

ಇಷ್ಟೆಲ್ಲ ತಲೆಬಿಸಿ ಯಾಕೆ ಎಂದರೆ, ಭಾರತದಲ್ಲಿ ಹುಟ್ಟಿದವರಿಗೆ ಇಬಿ-2 (ಉನ್ನತ ಪದವಿಯವರ ವರ್ಗ) ಗ್ರೀನ್ ಕಾರ್ಡ್ ಸಾಲು ಹತ್ತು ವರ್ಷ ದಾಟಿದೆ. ಸಂಶೋಧಕರು ಅದರ ಮೇಲಿನ ವರ್ಗವಾದ ಇಬಿ-1 ಕಡೆ ನೋಡುವುದು ಅದಕ್ಕೇ. ಇಬಿ-1ಎಗೆ (ಅಸಾಧಾರಣ ಸಾಮರ್ಥ್ಯದವರಿಗೆ) ಹತ್ತು ಮಾನದಂಡಗಳಲ್ಲಿ ಕನಿಷ್ಠ ಮೂರು, ಇಬಿ-1ಬಿಗೆ (ಹೆಸರಾಂತ ಪ್ರೊಫೆಸರ್, ಸಂಶೋಧಕರಿಗೆ) ಆರರಲ್ಲಿ ಕನಿಷ್ಠ ಎರಡು ತೋರಿಸಬೇಕು. ಬೇರೆಯವರ ಕೆಲಸವನ್ನು ಅಳೆದಿರುವುದು ಎರಡೂ ಪಟ್ಟಿಯಲ್ಲಿದೆ. ಆದರೆ ಆಹ್ವಾನದ ಪತ್ರ ಸಾಲದು, ನೀವು ನಿಜಕ್ಕೂ ರಿವ್ಯೂ ಮಾಡಿದ್ದಕ್ಕೆ ಸಾಕ್ಷಿ ಬೇಕು. ಹೆಸರಿಲ್ಲದೆ ಬರೆದುಕೊಟ್ಟದ್ದು ಇಲ್ಲಿ ಸೊನ್ನೆ. ಹಾಗೆಂದು ಸಿಕ್ಕಸಿಕ್ಕ ಜರ್ನಲ್ಲಿಗೆಲ್ಲ ಬರೆದು ಐವತ್ತು ಅರವತ್ತು ಗುಡ್ಡೆ ಹಾಕುವವರನ್ನೂ ಕಂಡಿದ್ದೇನೆ. ಲೆಕ್ಕ ಭರ್ತಿಯಾದ ಮೇಲೂ ಅಧಿಕಾರಿ ಇಡೀ ಅರ್ಜಿಯನ್ನು ತೂಗುತ್ತಾರೆ. ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಜರ್ನಲ್‌ನಿಂದ ‘ಡಿಯರ್ ಪ್ರೊಫೆಸರ್’ ಎಂದು ಬರುವ ಕರೆಯನ್ನು ಅಳಿಸಿಬಿಡಿ.

ಪೇಪರ್ ಬಿಟ್ಟರೆ ಗ್ರಾಂಟ್ (ಸಂಶೋಧನೆಗೆ ಹಣ ಕೇಳುವ ಅರ್ಜಿ) ರಿವ್ಯೂ ಬೇರೆಯೇ ಲೋಕ. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನಲ್ಲಿ ಅರ್ಲಿ ಕರಿಯರ್ ರಿವ್ಯೂವರ್ ಎಂಬ ಕಾರ್ಯಕ್ರಮವಿದೆ. ಪಿಎಚ್‌ಡಿ ಮುಗಿಸಿ ಇನ್ನೊಬ್ಬರ ಲ್ಯಾಬಿನಲ್ಲಿರುವ ಪೋಸ್ಟ್‌ಡಾಕ್‌ಗಳಿಗಲ್ಲ, ಅಸಿಸ್ಟೆಂಟ್ ಪ್ರೊಫೆಸರ್ ಅಥವಾ ಅದಕ್ಕೆ ಸಮನಾದ ಹುದ್ದೆ ಬೇಕು. ನೀವೇ ಅರ್ಜಿ ಹಾಕಿಕೊಳ್ಳಬಹುದು. ಆಯ್ಕೆಯಾದರೆ ನುರಿತವರಿಗಿಂತ ಕಡಿಮೆ ಗ್ರಾಂಟ್ ಅರ್ಜಿ ಕೊಟ್ಟು ಸ್ಟಡಿ ಸೆಕ್ಷನ್ ಎಂಬ ರಿವ್ಯೂ ಸಮಿತಿಯಲ್ಲಿ ಕೂರಿಸುತ್ತಾರೆ. ಅಂಕ 1ರಿಂದ 9, 1 ಬಂದರೆ ಅತ್ಯುತ್ತಮ. ನಮ್ಮ ಎಸ್ಸೆಸ್ಸೆಲ್ಸಿ ತಲೆಗೆ ಇದು ತಿರುವುಮುರುವು. ಒಳ್ಳೆಯ ಅರ್ಜಿ ಎರಡೇ ನಿಮಿಷದಲ್ಲಿ ಹೇಗೆ ಬೀಳುತ್ತದೆಂದು ಅಲ್ಲಿ ಕೂತು ಕಂಡವರು ಮುಂದೆ ತಮ್ಮ ಅರ್ಜಿ ಬರೆಯುವ ರೀತಿಯನ್ನೇ ಬದಲಿಸುತ್ತಾರೆ. ಉಳಿದ ವಿಜ್ಞಾನಗಳಿಗೆ ಹಣ ಕೊಡುವ ಎನ್‌ಎಸ್‌ಎಫ್‌ನಲ್ಲಿ ದಾರಿ ಇನ್ನೂ ಸರಳ: ನಿಮ್ಮ ವಿಷಯದ ಪ್ರೋಗ್ರಾಂ ಆಫೀಸರ್‌ಗೆ ಸಿವಿ ಜೊತೆ ಈಮೇಲ್ ಹಾಕಿ. ಜರ್ನಲ್‌ಗಳು ಸಾಮಾನ್ಯವಾಗಿ ಕಾಸು ಕೊಡುವುದಿಲ್ಲ. ಸಮಿತಿಗಳಲ್ಲಿ ಗೌರವಧನ ಸಿಕ್ಕೀತು, ಆದರೆ ಎಚ್‌-1ಬಿ, ಜೆ-1 ವೀಸಾದಲ್ಲಿರುವವರು ಅದನ್ನು ಮುಟ್ಟುವ ಮೊದಲು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಬೇಕು.

ಇಂಗ್ಲಿಷ್ ಚೆಂದ ಮಾಡಿಕೊಡಲಿ ಎಂದು ಬೇರೆಯವರ ಪೇಪರನ್ನೋ ಗ್ರಾಂಟನ್ನೋ ಚಾಟ್‌ಜಿಪಿಟಿಗೆ ಹಾಕಬೇಡಿ. ಗ್ರಾಂಟ್ ರಿವ್ಯೂನಲ್ಲಿ ಎನ್‌ಐಎಚ್ 2023ರಲ್ಲೇ ಇದನ್ನು ನಿಷೇಧಿಸಿದೆ. ನಿಮ್ಮ ಇಂಗ್ಲಿಷ್ ಒರಟಾಗಿದ್ದರೂ ಎಡಿಟರ್‌ಗೆ ಬೇಕಾದದ್ದು ಮೂರನೇ ಚಿತ್ರದ ಕಂಟ್ರೋಲ್ (ಹೋಲಿಕೆಗೆ ಮಾಡುವ ಪ್ರಯೋಗ) ಎಲ್ಲಿ ಎಂಬ ಪ್ರಶ್ನೆ.

ರಿವ್ಯೂ ಮುಗಿದ ಮೇಲೆ ಸಾಮಾನ್ಯವಾಗಿ ಜರ್ನಲ್‌ನಿಂದ ಧನ್ಯವಾದದ ಈಮೇಲ್ ಬರುತ್ತದೆ. ಅದನ್ನು ಅಂದೇ ಪಿಡಿಎಫ್ ಮಾಡಿ ನಿಮ್ಮ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಿ. ಕೆಲಸ ಬಿಟ್ಟ ಕೆಲವೇ ವಾರಗಳಲ್ಲಿ ಯೂನಿವರ್ಸಿಟಿ ಈಮೇಲ್ ಮುಚ್ಚಿಹೋಗಬಹುದು. ನನ್ನ ಆ ಎರಡು ದಾಖಲೆಗಳಲ್ಲಿ ಒಂದನ್ನು ಐಟಿಯವರ ಬೆನ್ನು ಬಿದ್ದು ತೆಗೆಸಬೇಕಾಯಿತು.